ಗ್ರಹಣ ಇಲ್ಲದ ದಿನ ನಿಂತ ಒನಕೆ

2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ. ಅದಕ್ಕೆ ಎರಡು ವಾರ ಮೊದಲು ಎಂಟನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಚಂದ್ರ ದೂರ ಇರುವಾಗ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಅದಕ್ಕೇ ಬಳೆಯ ಹಾಗೆ ಅಂಚು ಉಳಿಯುತ್ತದೆ ಎನ್ನುತ್ತಿರುವಾಗ ಒಬ್ಬಳು ಎದ್ದು ನಿಂತಳು. "ಟೀಚರ್, ಗ್ರಹಣದ ಹೊತ್ತಿಗೆ ನೀರು ಹಾಕಿದ ಬಟ್ಟಲಲ್ಲಿ ಒನಕೆ ನಿಲ್ತದೆ. ನಮ್ಮ ಅಜ್ಜಿ ನಿಲ್ಲಿಸಿದ್ದಾರೆ."

ಗುರುತ್ವ ಕೇಂದ್ರ (ಭಾರವೆಲ್ಲ ಒಂದೇ ಕಡೆ ಸೇರಿದೆ ಎನ್ನಬಹುದಾದ ಬಿಂದು), ತಳದ ಅಗಲ ಎಲ್ಲ ವಿವರಿಸಿದೆ. ಮಕ್ಕಳು ತಲೆಯಾಡಿಸಿದರು, ನಂಬಲಿಲ್ಲ. ಯಾಕೆ ನಂಬಬೇಕು? ಅಜ್ಜಿ ನಿಲ್ಲಿಸಿ ತೋರಿಸಿದ್ದರು, ನಾನು ಬರೀ ಬಾಯಲ್ಲಿ ಹೇಳಿದ್ದೆ.

ಮರುದಿನ ಕೇಳಿದೆ: "ಗ್ರಹಣದಿಂದಲೇ ನಿಲ್ಲುವುದಾದರೆ ಉಳಿದ ದಿನ ಏನಾಗಬೇಕು?"

"ಬೀಳಬೇಕು."

"ಯಾರಾದರೂ ನಿಲ್ಲಿಸಿ ನೋಡಿದ್ದೀರಾ?"

ಕ್ಲಾಸು ಸುಮ್ಮನಾಯಿತು.

ಸೋಮವಾರ ಎರಡು ಒನಕೆ ಬಂದವು, ತುಳುವಿನಲ್ಲಿ ಉಜ್ಜೆರ್. ಒಂದು ಕುಟ್ಟಿ ಕುಟ್ಟಿ ತಳ ಉರುಟಾದದ್ದು. ಎಷ್ಟು ಮಾಡಿದರೂ ನಿಲ್ಲಲಿಲ್ಲ. "ಇವತ್ತು ಗ್ರಹಣ ಇಲ್ಲ, ಅದಕ್ಕೆ" ಎಂದ ಒಬ್ಬ. ನಾನು ಉತ್ತರ ಕೊಡಲಿಲ್ಲ. ಇನ್ನೊಂದರ ತಳ ಸಪಾಟು, ಸುತ್ತ ಕಬ್ಬಿಣದ ಬಳೆ. ಅದೇ ಹುಡುಗ ಉಸಿರು ಬಿಗಿಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಟ್ಟ. ನಿಂತಿತು! ಕೂಗಾಟ ಕೇಳಿ ಪಕ್ಕದ ಕ್ಲಾಸಿನ ಟೀಚರ್ ಓಡಿ ಬಂದರು.

ಆಮೇಲೆ ಒಂದು ನಿಯಮ ಮಾಡಿದೆವು: ಹತ್ತು ಸಲ ನಿಲ್ಲಿಸುವುದು, ನಿಂತದ್ದನ್ನೂ ಬಿದ್ದದ್ದನ್ನೂ ಬರೆಯುವುದು. ಬಿದ್ದದ್ದನ್ನು ಬರೆಯಲು ಮಕ್ಕಳಿಗೆ ಮನಸ್ಸೇ ಬರುವುದಿಲ್ಲ. ನನ್ನ ಮಟ್ಟಿಗೆ ವಿಜ್ಞಾನ ಕಲಿಸುವುದರಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಗ್ರಹಣದ ದಿನ ಆ ಹುಡುಗಿ ಅಜ್ಜಿಯ ಜೊತೆ ಮನೆಯಲ್ಲೇ ಮಾಡಿದಳು. ಹಿಂದಿನ ದಿನ ಹತ್ತರಲ್ಲಿ 6, ಗ್ರಹಣದ ಹೊತ್ತಿಗೆ 7. "ಒಂದು ಜಾಸ್ತಿ ಉಂಟಲ್ಲ ಟೀಚರ್?"

ಕೇಳಬೇಕಾದ ಪ್ರಶ್ನೆಯೇ. ಇಲ್ಲ ಎನ್ನಲಿಲ್ಲ, ಇನ್ನೈದು ದಿನ ಮಾಡಿ ಬರೆ ಎಂದೆ. 5, 8, 6, 7, 8 ಬಂತು. ಗ್ರಹಣದ 7ಕ್ಕೆ ಅವಳೇ ಪೆನ್ಸಿಲಿನಲ್ಲಿ ವೃತ್ತ ಹಾಕಿ, ಸಾಲನ್ನು ಎರಡು ಸಲ ಓದಿ, "ಇದರಲ್ಲಿ ಗ್ರಹಣದ್ದು ಯಾವುದೂಂತ ಗೊತ್ತೇ ಆಗುವುದಿಲ್ಲ" ಎಂದಳು. ಅಜ್ಜಿಯ ಕೈಯಲ್ಲಿ ಮಾತ್ರ ಯಾವ ದಿನವಾದರೂ 9 ಸಲ ನಿಲ್ಲುತ್ತದಂತೆ.

"ಹಾಗಾದರೆ ಬಟ್ಟಲಿಗೆ ನೀರು ಯಾಕೆ?" ಎಂದ ಇನ್ನೊಬ್ಬ. ಅದರಿಂದ ಏನೂ ವ್ಯತ್ಯಾಸವಿಲ್ಲ ಎಂದುಬಿಟ್ಟೆ.

"ನೀವು ಮಾಡಿ ನೋಡಿದ್ದೀರಾ ಟೀಚರ್?"

ನೋಡಿರಲಿಲ್ಲ. ನೀರು ಚೆಲ್ಲಿ, ಬಟ್ಟಲು ಒರೆಸಿ, ಒನಕೆಯನ್ನು ನಾನೇ ಹಿಡಿದೆ. ಲೆಕ್ಕ ಬರೆಯಲು ಅವನು ಪುಸ್ತಕ ತೆಗೆದ.