ಫೈಲ್ ವಯಸ್ಸು ಲೆಕ್ಕ ಹಾಕೋಕೆ ಕೊನೆಗೂ ಸೆಕೆಂಡೇ ಕೈ ಹಿಡೀತು

7 ದಿನಕ್ಕಿಂತ ಹಳೇ ಬ್ಯಾಕಪ್ ಅಳಿಸೋ ಸ್ಕ್ರಿಪ್ಟ್, ಕೇಳೋಕೆ ಒಂದು ಸಾಲಿನ ಕೆಲ್ಸ, ನಂಗೆ ಸರಿ ಮಾಡೋಕೆ ಹತ್ತತ್ರ ಒಂದು ವರ್ಷ ಹಿಡೀತು. ಫೈಲ್ ಹುಡುಕೋ ಫೈಂಡ್ ಕಮಾಂಡ್ ಇರೋವಾಗ ಇದೆಲ್ಲ ಯಾಕೆ ಅಂತ ಟೀಮಲ್ಲಿ ಎಲ್ರೂ ಕೇಳಿದ್ರು. ಈಗ ಎಂಟು-ಹತ್ತು ಸರ್ವರಲ್ಲಿ ನಂದೇ ಓಡ್ತಿದೆ.

ಮೊದಲು ಫೈಲ್ ಪಟ್ಟಿ ತೋರಿಸೋ ಎಲ್ಎಸ್ ಕಮಾಂಡಿನ ಔಟ್‌ಪುಟ್‌ನಿಂದ ತಾರೀಖು ಕಿತ್ಕೋತಿದ್ದೆ. ಆರು ತಿಂಗಳು ದಾಟಿದ ಫೈಲಿಗೆ ಅದು ಟೈಮ್ ಬದಲು ವರ್ಷ ತೋರಿಸುತ್ತೆ, ಅಲ್ಲಿಗೆ ಆ ದಾರಿ ಮುಗೀತು. ಆಮೇಲೆ ಇವತ್ತಿನ ತಾರೀಖಲ್ಲಿ 7 ಕಳೆದು, ಆ ತಾರೀಖು ಹೆಸರಲ್ಲಿರೋ ಡಂಪ್ (ಬ್ಯಾಕಪ್ ಫೈಲ್) ಅಳಿಸೋ ಹಾಗೆ ಬರ್ದೆ. ಪ್ರತಿ ತಿಂಗಳು 1 ಮತ್ತು 2ನೇ ತಾರೀಖಿನ ಡಂಪ್ ಮಾತ್ರ ಹಾಗೇ ಉಳ್ಕೊಂಡು ಡಿಸ್ಕ್ ತುಂಬ್ತಿತ್ತು, ಯಾಕಂತ ಗೊತ್ತಾಗೋಕೆ ಮೂರು ತಿಂಗಳು ಬೇಕಾಯ್ತು. ಡೇಟ್ ಕಮಾಂಡ್ ಕೊಡೋ 08, 09ನ, ಮುಂದೆ ಸೊನ್ನೆ ಇರೋದ್ರಿಂದ, ಸ್ಕ್ರಿಪ್ಟ್ ಓಡಿಸೋ ಬ್ಯಾಶ್ ಆಕ್ಟಲ್ (8ರ ಲೆಕ್ಕದ ಸಂಖ್ಯೆ) ಅಂತ ಓದುತ್ತೆ, ಆಕ್ಟಲಲ್ಲಿ 8, 9 ಅನ್ನೋ ಅಂಕಿನೇ ಇಲ್ಲ, ಹಾಗಾಗಿ 8, 9ನೇ ತಾರೀಖು ಎರಡೂ ದಿನ ಸ್ಕ್ರಿಪ್ಟ್ ಎರರ್ ಕೊಟ್ಟು ನಿಂತೋಗ್ತಿತ್ತು, 10ಕ್ಕೆ ತಾನಾಗೇ ಸರಿಹೋಗ್ತಿತ್ತು.

ಸರಿ, ಎಲ್ರೂ ಹೇಳಿದ ಫೈಂಡ್‌ಗೇ ಬಂದೆ. ಎಂಟೈಮ್ (ಫೈಲ್ ಕೊನೇ ಸಲ ಬದಲಾದ ಸಮಯ) ಪ್ಲಸ್ 7 ಕೊಟ್ರೆ 7 ದಿನ 20 ಗಂಟೆ ಆದ ಫೈಲ್‌ನೂ ಮುಟ್ಟಲ್ಲ, ಪೂರ್ತಿ 8 ದಿನ ಆಗ್ಲೇಬೇಕು. ನಿಮಿಷದಲ್ಲಿ ಎಣಿಸೋ ಎಂಮಿನ್ ಹಾಕಿ ಅದನ್ನ ದಾಟಿದೆ. ದುಡ್ಡು ಹೋಗಿದ್ದು ಮುಂದೆ: ಹೊಸ ಡಿಸ್ಕಿಗೆ ಎಲ್ಲಾ ಡಂಪ್‌ನ ಹಳೇ ಸಮಯ ಉಳಿಸೋ ಮೈನಸ್ ಪಿ ಇಲ್ದೆ ಸಿಪಿ (ಕಾಪಿ) ಮಾಡಿದ್ವಿ, ಎಲ್ಲದರ ಎಂಟೈಮ್ ಅವತ್ತಿಂದೇ ಆಯ್ತು, ಒಂದು ವಾರ ಒಂದೂ ಅಳಿಯಲಿಲ್ಲ, ಆ ತಿಂಗಳ ಸ್ಟೋರೇಜ್ ಬಿಲ್ ಹೆಚ್ಚುಕಮ್ಮಿ ಡಬಲ್.

ಈಗ ಹೆಸರಲ್ಲಿರೋ ತಾರೀಖನ್ನ ಡೇಟ್ ಮೈನಸ್ ಯು, ಮೈನಸ್ ಡಿ ಕೊಟ್ಟು 1970ರಿಂದ ಎಣಿಸೋ ಸೆಕೆಂಡಿಗೆ ತಿರುಗಿಸ್ತೀನಿ, ಈಗಿನ ಸೆಕೆಂಡಿಂದ ಕಳೀತೀನಿ, ಒಂದು ದಿನದ ಸೆಕೆಂಡ್ ಆದ 86400ರಿಂದ ಭಾಗಿಸ್ತೀನಿ. ಯುಟಿಸಿಲಿ (ಎಲ್ಲಾ ಕಡೆ ಒಂದೇ ಇರೋ ಜಾಗತಿಕ ಸಮಯ) ಮಾಡೋದ್ರಿಂದ ಗಡಿಯಾರ ಹಿಂದೆಮುಂದೆ ಮಾಡೋ ಊರಿನ ಸರ್ವರಲ್ಲೂ 23 ಗಂಟೆ ದಿನದ ಕಾಟ ಇಲ್ಲ. ಫೈಲ್ ವಿವರ ತೋರಿಸೋ ಸ್ಟ್ಯಾಟ್ ಕಮಾಂಡ್ ಕೊಡೋ ಎಂಟೈಮ್ ಜೊತೆ ತಾಳೆ ನೋಡ್ತೀನಿ, ತಾಳೆ ಆಗದಿದ್ರೆ ಅಳಿಸದೆ ಲಾಗ್‌ಗೆ ಬರೆಯುತ್ತೆ. ಎಷ್ಟು ವ್ಯತ್ಯಾಸದವರೆಗೂ ಬಿಡ್ತೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ, ಪೆಟ್ಟು ತಿಂದು ಕಲ್ತಿದ್ದು ಅದು.

ಮ್ಯಾಕಲ್ಲೂ ಓಡಿಸಿ ನೋಡ್ದೆ, ಅಲ್ಲಿನ ಡೇಟ್‌ಗೆ ಈ ಮೈನಸ್ ಡಿ ಅರ್ಥ ಆಗಲ್ಲ, ಮೈನಸ್ ಜೆ, ಮೈನಸ್ ಎಫ್ ಹಾಕ್ಬೇಕು. ತಿಂಗಳ ಲೆಕ್ಕಾನೂ ಆಡಿಸಿದ್ದೆ: ಮಾರ್ಚ್ 31ರಿಂದ ಒಂದು ತಿಂಗಳು ಹಿಂದೆ ಅಂದ್ರೆ ಗ್ನೂ ಡೇಟ್ (ಲಿನಕ್ಸಲ್ಲಿರೋ ಡೇಟ್) ಮತ್ತೆ ಮಾರ್ಚ್‌ಗೇ, 2 ಅಥವಾ 3ನೇ ತಾರೀಖಿಗೆ ಬಂದು ಕೂರುತ್ತೆ. ತಿಂಗಳ ಬ್ಯಾಕಪ್‌ನೂ ಅದಕ್ಕೇ 31 ದಿನ ಅಂತ ಎಣಿಸ್ತಿದೀನಿ.