ಶಿರಸಿಯ ಪಿನ್‌ಕೋಡನ್ನು ಅಪವರ್ತಿಸಿದ ಬಗೆ

ಶಿರಸಿಯ ಪಿನ್‌ಕೋಡ್ 581401. ಅಡಿಕೆ ವ್ಯಾಪಾರದ ಪತ್ರಗಳಿಂದ ಹಿಡಿದು ಲಗ್ನಪತ್ರಿಕೆಯವರೆಗೆ ನಮ್ಮೂರಿನಲ್ಲಿ ಎಲ್ಲರೂ ಬರೆಯುವ ಈ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಕ್ಯಾಲ್ಕುಲೇಟರ್ ಮುಟ್ಟದೆ ಕಂಡುಕೊಳ್ಳಬೇಕೆಂದು ಕಾಗದ, ಪೆನ್ಸಿಲ್ ಹಿಡಿದು ಕುಳಿತೆ.

ಅಂಕಿಗಳ ಮೊತ್ತ 19 ಆದ್ದರಿಂದ 3ರಿಂದ ಭಾಗವಾಗದು. 7, 11, 13ರ ಗುಣಲಬ್ಧ 1001 ಆಗಿರುವುದರಿಂದ ಈ ಮೂರನ್ನೂ ಒಂದೇ ಸಲಕ್ಕೆ ಪರೀಕ್ಷಿಸಬಹುದು: 581 ಮತ್ತು 401ರ ವ್ಯತ್ಯಾಸವಾದ 180ನ್ನು ಇವು ಭಾಗಿಸುವುದಿಲ್ಲ, ಹಾಗಾಗಿ ಮೂಲ ಸಂಖ್ಯೆಯನ್ನೂ ಭಾಗಿಸುವುದಿಲ್ಲ. ಇನ್ನು 581400 ಎಂದರೆ 1800 × 17 × 19. ಆದಕಾರಣ 17 ಮತ್ತು 19 ಎರಡಕ್ಕೂ ಶೇಷ 1. ಮುಂದೆಯೂ ಹೀಗೆಯೇ ಒಂದೊಂದು ಅವಿಭಾಜ್ಯದಿಂದ ಭಾಗಿಸುತ್ತ ಹೋಗಬಹುದು. ಆದರೆ ಆ ದಾರಿಯಲ್ಲಿ ಸಂಖ್ಯೆಯ ಸ್ವಭಾವ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಇದು ಫರ್ಮಾ ಹೇಳಿ ಆಯ್ಲರ್ ಸಾಧಿಸಿದ ಪ್ರಮೇಯ. 581401ಕ್ಕೂ 4ರ ಶೇಷ 1. ಇದು ಎರಡು ರೀತಿಯಲ್ಲಿ ಒಡೆದರೆ, ಒಂದು ಭಾಜಕವೂ ಕೈಗೆ ಸಿಗುವ ಮೊದಲೇ ಸಂಯುಕ್ತವೆಂದು ನಿರ್ಧಾರವಾಗುತ್ತದೆ.

ಆ ವರ್ಗಗಳನ್ನು ಹುಡುಕಲು ಶೇಷಗಳ ನೆರವು ಪಡೆದೆ. ಎರಡು ವರ್ಗಮೂಲಗಳಲ್ಲಿ ಒಂದು ಸಮ, ಒಂದು ಬೆಸ; 8ರ ಶೇಷವೂ 1 ಆದ್ದರಿಂದ ಸಮವಾದದ್ದು 4ರಿಂದ ಭಾಗವಾಗಲೇಬೇಕು. ಅವುಗಳಲ್ಲಿ ಒಂದು ಮಾತ್ರ 3ರಿಂದಲೂ, ಒಂದು ಮಾತ್ರ 5ರಿಂದಲೂ ಭಾಗವಾಗಬೇಕು. ಸಮಸಂಖ್ಯೆಯೇ ಈ ಎರಡನ್ನೂ ಹೊತ್ತಿದೆ ಎಂಬ ಸಾಧ್ಯತೆಯನ್ನು ಮೊದಲು ಹಿಡಿದರೆ, 60ರಿಂದ 720ರವರೆಗೆ 60ರ ಹನ್ನೆರಡು ಗುಣಕಗಳನ್ನಷ್ಟೇ ನೋಡಬೇಕಾಗುತ್ತದೆ. 300ರ ವರ್ಗವನ್ನು ಕಳೆದಾಗ ಉಳಿದ 491401, 701ರ ವರ್ಗವಾಗಿತ್ತು. ಪಟ್ಟಿಯ ಕೊನೆಯ 720ರಲ್ಲಿ ಉಳಿದ 63001, 251ರ ವರ್ಗ. ಎರಡು ರೀತಿ ಸಿಕ್ಕಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಭಾಜಕಗಳನ್ನು ಹೊರತೆಗೆಯುವ ಕ್ರಮವೂ ಆಯ್ಲರನದೇ. 720 − 300 = 420, 701 − 251 = 450; ಇವುಗಳ ಮ.ಸಾ.ಅ. 30. ಅದರಿಂದ ಭಾಗಿಸಿದಾಗ ಬರುವ 14 ಮತ್ತು 15ರ ವರ್ಗಗಳನ್ನು ಕೂಡಿದರೆ 421. 581401 ಭಾಗಿಸು 421, ಶೇಷವಿಲ್ಲದೆ 1381; ಅದು 15 ಮತ್ತು 34ರ ವರ್ಗಗಳ ಮೊತ್ತ. ಇಂಥ ಎರಡು ಮೊತ್ತಗಳ ಗುಣಲಬ್ಧವೂ ಅಂಥದೇ ಮೊತ್ತವಾಗುತ್ತದೆ, ಅದೂ ಎರಡು ಬಗೆಯಲ್ಲಿ, ಎಂಬುದು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ಕೊಟ್ಟ ಸೂತ್ರದಿಂದಲೇ ಬರುತ್ತದೆ: 15 × 34 ಮತ್ತು 14 × 15, ಅಂದರೆ 510 ಮತ್ತು 210; ಕೂಡಿದರೆ 720, ಕಳೆದರೆ 300.

421, 1381 ಎರಡೂ ಅವಿಭಾಜ್ಯಗಳು. ಹೀಗಾಗಿ ನಮ್ಮ ಸಂಖ್ಯೆಗೆ ನಾಲ್ಕೇ ಭಾಜಕಗಳು. ಅದನ್ನು ಬಿಟ್ಟು ಉಳಿದ ಮೂರರ ಮೊತ್ತ 1803 ಮಾತ್ರ.

ಕಾರವಾರದ 581301 ಬೇರೆಯೇ ಜಾತಿಯದು. ಅದು 9 × 7 × 9227, ಭಾಜಕಗಳು ಹನ್ನೆರಡು. 4ರಿಂದ ಭಾಗಿಸಿದಾಗ 3 ಉಳಿಯುವ 7 ಅದರಲ್ಲಿ ಒಂದೇ ಸಲ ಬರುವುದರಿಂದ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ.