ರಾತ್ರಿಯ ಬ್ರಷ್ ದೊಡ್ಡವರ ಕೈಯಲ್ಲಿರಲಿ

‘ಹಾಲುಹಲ್ಲು ತಾನೆ, ಹೇಗೂ ಬೀಳುತ್ತೆ ಬಿಡಿ.’ ಮಗುವಿನ ಹಲ್ಲು ಕಪ್ಪಾದಾಗ ಮನೆಯಲ್ಲಿ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಬೀಳುತ್ತದೆ ನಿಜ, ಆದರೆ ಯಾವಾಗ? ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೂ ಇರಬೇಕಾದವು. ಮೂರನೇ ವರ್ಷಕ್ಕೆ ಹುಳುಕಾದ ದವಡೆ ಹಲ್ಲಿನಲ್ಲೇ ಮಗು ಇನ್ನೂ ಏಳೆಂಟು ವರ್ಷ ಅಗಿದು ತಿನ್ನಬೇಕು. ನೋವು ತಾಳಲಾಗದೆ ಮೊದಲೇ ಕೀಳಿಸಿದರೆ ಪಕ್ಕದ ಹಲ್ಲುಗಳು ಖಾಲಿ ಜಾಗದ ಕಡೆ ವಾಲುತ್ತವೆ. ಮುಂದೆ ಅಲ್ಲಿ ಹುಟ್ಟಬೇಕಾದ ಹಲ್ಲಿಗೆ ಜಾಗ ಸಾಲದೆ ಅದು ಸೊಟ್ಟಗೆ ಬರಬಹುದು.

ಇನ್ನೊಂದು ಮಾತು: ಹಾಲುಹಲ್ಲಿನ ಮೇಲಿನ ಎನಾಮೆಲ್ ಪದರ ತೆಳು. ಹಾಗಾಗಿ ಹುಳುಕು ಒಳಗಿನ ನರದ ತನಕ ಬೇಗ ಇಳಿಯುತ್ತದೆ.

ಹುಳ ಇಲ್ಲ, ಆಮ್ಲ ಇದೆ

ಹಲ್ಲಿಗೆ ಹುಳ ಬಿದ್ದಿದೆ ಎನ್ನುತ್ತೇವೆ. ಒಳಗೆ ಹುಳ ಯಾವುದೂ ಇರುವುದಿಲ್ಲ. ಹಲ್ಲಿನ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾಡುತ್ತವೆ. ಆಮ್ಲ ಎನಾಮೆಲ್‌ನ ಖನಿಜವನ್ನು ಕರಗಿಸುತ್ತದೆ. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತೊಳೆದು, ಕರಗಿಹೋದ ಖನಿಜವನ್ನು ಮತ್ತೆ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ.

ಈಗ ರಾತ್ರಿಯ ವಿಷಯ. ನಿದ್ದೆಯಲ್ಲಿ ಜೊಲ್ಲು ಊರುವುದು ತುಂಬ ಕಡಿಮೆ. ‘ನನ್ನ ಮಗ ದಿಂಬೆಲ್ಲಾ ಒದ್ದೆ ಮಾಡ್ತಾನಲ್ಲ’ ಅನ್ನಬಹುದು. ಅದು ನುಂಗದೆ ಹೊರಗೆ ಸೋರಿದ ಜೊಲ್ಲು ಅಷ್ಟೆ. ಬಾಯಲ್ಲಿ ಸಿಹಿ ಇಟ್ಟುಕೊಂಡು ಮಲಗಿದ ಮಗುವಿನ ಹಲ್ಲಿಗೆ ಗಂಟೆಗಟ್ಟಲೆ ಯಾವ ಕಾವಲೂ ಇರುವುದಿಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳಿಗೆ ಮೇಲಿನ ಮುಂದಿನ ಹಲ್ಲುಗಳು ಮೊದಲು ಹಾಳಾಗುತ್ತವೆ. ಕೆಳಗಿನವು ನಾಲಿಗೆಯ ಮರೆಯಲ್ಲಿ ಬಚಾವಾಗುತ್ತವೆ. ಬಾಟಲಿ ಬಿಡುವುದೇ ಇಲ್ಲ ಎನ್ನುವ ಮಗುವಿಗೆ ಮಲಗುವಾಗ ಬರೀ ನೀರು ಹಾಕಿಕೊಡಿ. ಎರಡು ಮೂರು ದಿನ ರಂಪ ಇರುತ್ತದೆ.

ಮೊದಲ ಹಲ್ಲು ಕಂಡ ದಿನವೇ ಶುರು

ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ ಮೊದಲ ಹಲ್ಲು ಬರುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. ಮೂರು ವರ್ಷದ ಹೊತ್ತಿಗೆ ಒಟ್ಟು 20 ಹಲ್ಲುಗಳಾಗುತ್ತವೆ. ಒಂದೇ ಹಲ್ಲು ಇದ್ದರೂ ಬ್ರಷ್ ಬೇಕು. ತಲೆ ಚಿಕ್ಕದಾಗಿರುವ, ಎಳೆ ಮೆತ್ತಗಿರುವ ಬ್ರಷ್ ತೆಗೆದುಕೊಳ್ಳಿ.

ಪೇಸ್ಟ್ ವಿಷಯಕ್ಕೆ ಬಂದರೆ, ಡಬ್ಬದ ಮೇಲಿನ ಗೊಂಬೆ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಹುಳುಕು ತಡೆಯುವ ಫ್ಲೋರೈಡ್ ಎಂಬ ಖನಿಜ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಅಥವಾ ಸ್ವಲ್ಪ ಹೆಚ್ಚು ಇರಬೇಕು. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಮೂರು ವರ್ಷದ ಒಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್ ಸವರಿದರೆ ಸಾಕು. ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಅಲೆಯಂತೆ ಹಾಕುತ್ತಾರಲ್ಲ, ಅಷ್ಟು ದೊಡ್ಡವರಿಗೂ ಬೇಕಿಲ್ಲ. ಚಿಕ್ಕ ಮಕ್ಕಳು ಪೇಸ್ಟ್ ನುಂಗುತ್ತಾರೆ. ದಿನವೂ ಜಾಸ್ತಿ ನುಂಗಿದರೆ ಮುಂದೆ ಬರುವ ಹಲ್ಲುಗಳ ಮೇಲೆ ಬಿಳಿ ಕಲೆ ಮೂಡಬಹುದು. ಅದಕ್ಕೇ ಈ ಅಳತೆ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ಇದ್ದೀರಾದರೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನೇ ಕೇಳಿ.

ಬ್ರಷ್ ಮಾಡಿಸುವ ವರಸೆ

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಎರಡೆರಡು ನಿಮಿಷ. ಬೆಳಿಗ್ಗೆ ಮಗುವೇ ಉಜ್ಜಿಕೊಳ್ಳಲಿ, ನೀವು ಪಕ್ಕದಲ್ಲಿ ನಿಂತರೆ ಸಾಕು. ರಾತ್ರಿ ಮಾತ್ರ ನೀವೇ ಉಜ್ಜಬೇಕು. ಇದು ಏಳೆಂಟು ವರ್ಷದ ತನಕ. ನಮ್ಮ ಮನೆಯಲ್ಲಿ ಬ್ರಷ್ ಒದ್ದೆ ಮಾಡಿ ತಂದು ತೋರಿಸಿ ‘ಆಯ್ತು’ ಎನ್ನುವ ಕಲೆ ಆರನೇ ವರ್ಷಕ್ಕೇ ಸಿದ್ಧಿಸಿತ್ತು. ತಪ್ಪು ಮಗುವಿನದಲ್ಲ. ಆ ವಯಸ್ಸಿಗೆ ಬೆರಳುಗಳಿಗೆ ಅಷ್ಟು ಹತೋಟಿ ಬಂದಿರುವುದಿಲ್ಲ. ಹಿಂದಿನ ಹಲ್ಲಿಗೆ ಬ್ರಷ್ ತಲುಪುವುದೇ ಇಲ್ಲ.

ಎದುರಿಗೆ ನಿಂತು ಉಜ್ಜಿದರೆ ನಿಮಗೆ ಏನೂ ಕಾಣುವುದಿಲ್ಲ. ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿಕೊಳ್ಳಿ. ಚಿಕ್ಕ ಮಗುವಾದರೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಒಂದು ಕೈಯ ಬೆರಳಿನಿಂದ ತುಟಿ ಎತ್ತಿ ಹಿಡಿಯಿರಿ. ಬ್ರಷ್ಷನ್ನು ಹಲ್ಲು ಮತ್ತು ಒಸಡು ಸೇರುವ ಕಡೆ ಸ್ವಲ್ಪ ಓರೆಯಾಗಿ ಇಟ್ಟು ಸಣ್ಣಸಣ್ಣ ಸುತ್ತು ಹಾಕಿ. ಹೊರಗಡೆ, ಒಳಗಡೆ, ಅಗಿಯುವ ಮೇಲ್ಭಾಗ. ದಿನಾ ಒಂದೇ ಜಾಗದಿಂದ ಶುರು ಮಾಡಿದರೆ ಯಾವುದೂ ತಪ್ಪುವುದಿಲ್ಲ. ಜೋರು ಬೇಡ.

ಕೊನೆಗೆ ಉಗುಳಿಸಿ. ಬಾಯಿ ತುಂಬ ನೀರು ಹಾಕಿ ಮುಕ್ಕಳಿಸುವುದು ಬೇಡ. ಇದನ್ನು ಒಪ್ಪಿಕೊಳ್ಳಲು ದೊಡ್ಡವರಿಗೇ ಕಷ್ಟ, ಅಲ್ವಾ? ಆದರೆ ನೀರು ಹಾಕಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ.

ಮಲಗುವ ಹೊತ್ತಿಗೆ ಮಗು ತೂಕಡಿಸುತ್ತಿರುತ್ತದೆ, ನಿಮಗೂ ಸಾಕಾಗಿರುತ್ತದೆ. ಹಾಗಾಗಿ ಹಾಸಿಗೆಯ ತನಕ ಕಾಯಬೇಡಿ. ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೇ ಮುಗಿಸಿ. ಆಮೇಲೆ ನೀರು ಬಿಟ್ಟು ಏನನ್ನೂ ಕೊಡಬೇಡಿ. ಕೆಮ್ಮಿನ ಸಿರಪ್ ಇದ್ದರೆ ಬ್ರಷ್‌ಗೆ ಮೊದಲು ಕುಡಿಸಿ, ಅದರಲ್ಲೂ ಸಕ್ಕರೆ ಇರುತ್ತದೆ.

ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ

ಮಕ್ಕಳಿಗೆ ಸಿಹಿಯೇ ಕೊಡಬಾರದು ಎಂದು ಹೇಳುವವನು ನಾನಲ್ಲ. ಲೆಕ್ಕ ಬೇರೆ ಇದೆ. ಐದು ಚಾಕೊಲೇಟನ್ನು ಊಟದ ಜೊತೆ ಒಟ್ಟಿಗೆ ತಿಂದರೆ ಆಮ್ಲದ ದಾಳಿ ಒಂದೇ ಸಲ. ಅದೇ ಐದನ್ನು ಗಂಟೆಗೊಂದರಂತೆ ತಿಂದರೆ ಐದು ಸಲ. ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ. ಜ್ಯೂಸ್ ಬಾಟಲಿ ಹಿಡಿದು ಗುಟುಕು ಗುಟುಕಾಗಿ ಕುಡಿಯುತ್ತಾ ಆಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಹಲ್ಲಿಗೆ ಅಂಟಿ ಕೂರುವ ಬಿಸ್ಕತ್ತು, ಚಿಪ್ಸ್ ಕೂಡ ಸಾಧುಗಳಲ್ಲ.

ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ

ಹುಳುಕು ಕಪ್ಪಾಗಿ ಶುರುವಾಗುವುದಿಲ್ಲ, ಬೆಳ್ಳಗೆ ಶುರುವಾಗುತ್ತದೆ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಮಂಕು ಬಿಳಿ ಗೆರೆ ಕಂಡರೆ ಅದೇ ಮೊದಲ ಎಚ್ಚರಿಕೆ. ಬೆಳಕಿನಲ್ಲಿ ಕೂರಿಸಿ, ಹಲ್ಲು ಒರೆಸಿ ನೋಡಿ. ಈ ಹಂತದಲ್ಲಿ ಇನ್ನೂ ಗುಂಡಿ ಬಿದ್ದಿರುವುದಿಲ್ಲ. ಸರಿಯಾಗಿ ಉಜ್ಜಿ, ವೈದ್ಯರಿಂದ ಫ್ಲೋರೈಡ್ ವಾರ್ನಿಷ್ ಹಚ್ಚಿಸಿದರೆ ಹಲ್ಲು ಮತ್ತೆ ಗಟ್ಟಿಯಾಗಬಹುದು. ವಾರ್ನಿಷ್ ಎಂದರೆ ಹಲ್ಲಿಗೆ ಬಳಿಯುವ ಒಂದು ಲೇಪ. ನಿಮಿಷಗಳ ಕೆಲಸ, ನೋವಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಹಚ್ಚುತ್ತಾರೆ. ಕಂದು ಬಣ್ಣಕ್ಕೆ ತಿರುಗಿ ಗುಂಡಿ ಬಿದ್ದರಂತೂ ತಡಮಾಡದೆ ದಂತವೈದ್ಯರ ಹತ್ತಿರ ಹೊರಡಿ.

ಆರನೇ ವರ್ಷದ ಗುಟ್ಟಿನ ಹಲ್ಲು

ಬಹಳ ಅಪ್ಪ–ಅಮ್ಮಂದಿರು ಎಡವುವುದು ಇಲ್ಲಿಯೇ. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ತೀರಾ ಕೊನೆಯಲ್ಲಿ, ನಾಲ್ಕು ಹೊಸ ದವಡೆ ಹಲ್ಲುಗಳು ಬರುತ್ತವೆ. ಅವು ಬರಲು ಯಾವ ಹಲ್ಲೂ ಬೀಳುವುದಿಲ್ಲ. ಆದ್ದರಿಂದ ಬಂದದ್ದೇ ಗೊತ್ತಾಗುವುದಿಲ್ಲ. ಗೊತ್ತಾದರೂ ಇವೂ ಹಾಲುಹಲ್ಲೇ ಎಂದುಕೊಂಡು ಸುಮ್ಮನಿರುತ್ತಾರೆ. ಇವು ಶಾಶ್ವತ ಹಲ್ಲುಗಳು, ಹೋದರೆ ಮತ್ತೆ ಬರುವುದಿಲ್ಲ. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನವೂ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತವೆ. ಬ್ರಷ್ ಅವುಗಳ ಮೇಲಿಂದಲೇ ಜಾರಿ ಹೋಗುತ್ತದೆ. ಈ ಸಮಯದಲ್ಲಿ ಕೆನ್ನೆಯ ಕಡೆಯಿಂದ ಬ್ರಷ್ಷನ್ನು ಅಡ್ಡ ಹಿಡಿದು ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಬೇಕು.

ಇವುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ. ಬ್ರಷ್‌ನ ಎಳೆಯೂ ಇಳಿಯದಷ್ಟು ಕಿರಿದು. ಅದಕ್ಕೆ ದಂತವೈದ್ಯರು ಸೀಲೆಂಟ್ ಹಾಕುತ್ತಾರೆ. ಹಲ್ಲನ್ನು ಶುಚಿ ಮಾಡಿ, ಒಣಗಿಸಿ, ಗೀರುಗಳಿಗೆ ದ್ರವದಂಥ ವಸ್ತು ಹಚ್ಚಿ, ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಹಲ್ಲು ಪೂರ್ತಿ ಬಂದ ಕೂಡಲೇ ಹಾಕಿಸುವುದು ಒಳ್ಳೆಯದು. 12ನೇ ವರ್ಷದ ಸುಮಾರಿಗೆ ಇವುಗಳ ಹಿಂದೆ ಬರುವ ದವಡೆ ಹಲ್ಲುಗಳಿಗೂ ಹೀಗೆಯೇ. ಸೀಲೆಂಟ್ ಸವೆಯಬಹುದು, ಉದುರಬಹುದು. ಪ್ರತಿ ಭೇಟಿಯಲ್ಲೂ ಅದು ಇದೆಯೇ ಎಂದು ನೋಡಿಸಿ.

ಡಾಕ್ಟರ್ ಹತ್ತಿರ ಮೊದಲ ಸಲ

ಮೊದಲ ಹುಟ್ಟುಹಬ್ಬದ ಒಳಗೆ ಒಮ್ಮೆ ತೋರಿಸಿ. ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ, ಅಥವಾ ಅವರು ಹೇಳಿದಷ್ಟು ದಿನಕ್ಕೊಮ್ಮೆ. ನೋವಿಲ್ಲದಾಗ ಹೋದ ಮಗುವಿಗೆ ಆ ಕುರ್ಚಿ ಮೇಲೆ ಕೆಳಗೆ ಹೋಗುವ ಆಟದ ಸಾಮಾನು. ಒಸಡು ಊದಿಕೊಂಡ ರಾತ್ರಿ ಮೊದಲ ಸಲ ಹೋದ ಮಗುವಿಗೆ ಅದು ಹಾಗೆ ಕಾಣುವುದಿಲ್ಲ. ಹೊರಡುವಾಗ ‘ಏನೂ ನೋವಾಗಲ್ಲ’ ಎಂದು ಸಮಾಧಾನ ಮಾಡಲೂ ಹೋಗಬೇಡಿ. ಅಲ್ಲಿಯವರೆಗೆ ನೋವಿನ ಯೋಚನೆಯೇ ಇಲ್ಲದ ಮಗು ಆಗ ಯೋಚಿಸಲು ಶುರು ಮಾಡುತ್ತದೆ. ‘ನಿನ್ನ ಹಲ್ಲು ಎಷ್ಟಿವೆ ಅಂತ ಎಣಿಸ್ತಾರಂತೆ’ ಅನ್ನಿ, ಸಾಕು.